ಕಂಟ್ರೋಲ್ ಟ್ರೇಯ ನೀರು

ಬೊಮ್ಮಸಂದ್ರದಲ್ಲಿ ಚಳಿಗಾಲ ತಯಾರಿಸುವುದು ನನ್ನ ಕೆಲಸ. ಮದುವೆಮನೆಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಹೀಗೇ ಹೇಳುತ್ತೇನೆ. ಅವರು ನಗುತ್ತಾರೆ, ಆಮೇಲೆ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮದು ಗಿಡಗಳ ಮೇಲೆ ಪರೀಕ್ಷೆ ನಡೆಸಿಕೊಡುವ ಒಂದು ಸಣ್ಣ ಲ್ಯಾಬ್. ಒಂದು ಮಗ್ಗುಲಲ್ಲಿ ಮಾತ್ರೆ ಕಂಪನಿ, ಇನ್ನೊಂದು ಮಗ್ಗುಲಲ್ಲಿ ರಟ್ಟಿನ ಡಬ್ಬಿ ಮಾಡುವ ಶೆಡ್ಡು, ನಡುವೆ ನಾವು. ನರ್ಸರಿಯವರು, ಬೀಜದ ಕಂಪನಿಯವರು ಸಸಿಗಳನ್ನು ಕಳಿಸುತ್ತಾರೆ. ಅವರು ಕೇಳಿದಷ್ಟು ಬಿಸಿಲು, ಚಳಿ, ತೇವವನ್ನು ಮೆಷಿನ್ನಿನಲ್ಲಿ ಮಾಡಿ, ಸಸಿಗಳು ತಡೆದವೋ ಸತ್ತವೋ ಎಂದು ಬರೆದುಕೊಡುತ್ತೇವೆ. ಚಳಿ ಕೋಣೆಗಳು ನನ್ನ ಸುಪರ್ದಿನಲ್ಲಿವೆ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ, ಇನ್ನೊಂದು ಮ್ಯಾನೇಜರ್ ಹತ್ತಿರ ಇದೆ. ಆ ಇನ್ನೊಂದು ಯಾಕೆ ಇರಬೇಕು ಅನ್ನುವುದು ಇವತ್ತಿಗೂ ನನಗೆ ಸಮಾಧಾನವಿಲ್ಲದ ವಿಷಯ.

ನಾನು ಅನುಮಾನದವಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹಾಲಿನವನು ಹಾಲು ಹಾಕಿ ಹೋದ ಮೇಲೆ ಬೆರಳು ಅದ್ದಿ ನೋಡುತ್ತೇನೆ. ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ, ಗೇಟಿನ ತನಕ ಹೋದವಳು ವಾಪಸು ಬಂದು ಇನ್ನೊಂದು ಸಲ ಜಗ್ಗುತ್ತೇನೆ. ಪಕ್ಕದ ಮನೆಯವರು ತಟ್ಟೆಯಲ್ಲಿ ಒಬ್ಬಟ್ಟು ಕಳಿಸಿದರೆ ನನಗೆ ಮೊದಲು ಬರುವುದು ಒಬ್ಬಟ್ಟಿನ ಯೋಚನೆಯಲ್ಲ, ಇವರಿಗೆ ನಮ್ಮಿಂದ ಏನಾಗಬೇಕಾಗಿದೆ ಅನ್ನುವ ಯೋಚನೆ. ನನ್ನ ಗಂಡ ಹೆಬ್ಬಗೋಡಿಯ ಹಳೇ ಮನೆತನದವರು, ಹತ್ತಿರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸುತ್ತಾರೆ, ಯಾರನ್ನು ಬೇಕಾದರೂ ನಂಬುವ ಜನ. ಅವರು ನನ್ನನ್ನು ಸಿಸಿ ಕ್ಯಾಮೆರಾ ಎಂದು ಕರೆಯುತ್ತಾರೆ. ‘ನಿನ್ ಕಣ್ ತಪ್ಸಿ ಇಲೀನೂ ಓಡಾಡಕ್ಕಾಗಲ್ಲ ಕಣೆ’ ಎನ್ನುತ್ತಾರೆ. ಅದು ಹೊಗಳಿಕೆಯೋ ಬೈಗುಳವೋ ಎಂದು ನಾನು ಇನ್ನೂ ಅನುಮಾನದಲ್ಲೇ ಇದ್ದೇನೆ.

ಮನೆಯಲ್ಲಿ ಬೈಸಿಕೊಳ್ಳುವ ಈ ಗುಣಕ್ಕೆ ಲ್ಯಾಬಿನಲ್ಲಿ ಮರ್ಯಾದೆ ಇತ್ತು. ಅಲ್ಲಿ ಯಾವುದನ್ನೂ ಸುಮ್ಮನೆ ನಂಬಬಾರದು ಎಂಬುದೇ ಮೊದಲ ಪಾಠ. ಔಷಧಿ ಹೊಡೆದ ಗಿಡ ಬದುಕಿತು ಎಂದರೆ ಸಾಲದು, ಹೊಡೆಯದೆ ಇದ್ದಿದ್ದರೂ ಬದುಕುತ್ತಿತ್ತೇನೋ ಎಂದು ಕೇಳಬೇಕು. ಅದಕ್ಕಾಗಿಯೇ ವಿಶೇಷವಾಗಿ ಏನನ್ನೂ ಮಾಡದೆ, ಮಾಮೂಲಿಯಾಗಿ ನೀರು ಬೆಳಕು ಕೊಟ್ಟು ಬೆಳೆಸಿದ ಸಸಿಗಳ ಒಂದು ಗುಂಪನ್ನು ಪ್ರತಿ ಪರೀಕ್ಷೆಯಲ್ಲೂ ಜೊತೆಗೆ ಇಟ್ಟುಕೊಳ್ಳುತ್ತೇವೆ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ನನ್ನ ಪ್ರಕಾರ ಅದು ಅನುಮಾನಕ್ಕೆಂದೇ ಎತ್ತಿಟ್ಟ ಟ್ರೇ. ಇಪ್ಪತ್ತು ವರ್ಷದಿಂದ ನಾನು ಅತ್ಯಂತ ಪ್ರೀತಿಯಿಂದ ನೋಡಿಕೊಂಡು ಬಂದದ್ದೂ ಅದನ್ನೇ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಹೊಸ ಹೆಲ್ಪರ್ ಒಬ್ಬಳು ಬಂದಳು. ಯಾದಗಿರಿ ಕಡೆಯ ಹೆಂಗಸು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಹೆಬ್ಬಗೋಡಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಸಾಲುಕೋಣೆಯೊಂದರಲ್ಲಿ ಬಾಡಿಗೆಗಿದ್ದರು. ಲೇಬರ್ ಕಂಟ್ರಾಕ್ಟರ್ ಕಳಿಸಿದ ಆಕೆಯ ಪಾಲಿಗೆ ಬಿದ್ದದ್ದು ಕುಂಡ ತೊಳೆಯುವುದು, ಮಣ್ಣು ತುಂಬುವುದು, ಸಸಿಗಳಿಗೆ ನೀರು ಹಾಕುವುದು. ಮೊದಲ ದಿನದಿಂದಲೇ ನನ್ನನ್ನು ‘ಅಕ್ಕಾರ’ ಎಂದು ಕರೆದಳು. ಗೇಟ್ ಪಾಸಿಗೆ ಕೊಟ್ಟಿದ್ದ ಆಧಾರ್ ಪ್ರತಿಯನ್ನು ನಾನು ತೆಗೆದು ನೋಡಿದೆ, ಅದನ್ನು ನೋಡುವುದು ನನ್ನ ಕೆಲಸವಲ್ಲದಿದ್ದರೂ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು. ದೊಡ್ಡವಳಾಗಿಯೂ ಅಕ್ಕ ಎನ್ನುತ್ತಾಳೆಂದರೆ ಏನೋ ಇದೆ ಎಂದುಕೊಂಡೆ. ಮಧ್ಯಾಹ್ನ ಊಟದ ಡಬ್ಬಿ ತೆಗೆದಾಗ ತೆಳ್ಳಗಿನ ಜೋಳದ ರೊಟ್ಟಿಯನ್ನು ಎರಡಾಗಿ ಮುರಿದು, ಶೇಂಗಾ ಚಟ್ನಿಪುಡಿ ಉದುರಿಸಿ, ಅರ್ಧ ನನಗೆ ಕೊಡುತ್ತಿದ್ದಳು. ರೊಟ್ಟಿ ಬಹಳ ಚೆನ್ನಾಗಿರುತ್ತಿತ್ತು. ತಿನ್ನುತ್ತಲೇ, ಇದು ಯಾವ ರಜೆಗೆ ಪೀಠಿಕೆಯೋ ಎಂದು ಕಾಯುತ್ತಿದ್ದೆ. ಆಕೆ ರಜೆಯನ್ನೇ ಕೇಳಲಿಲ್ಲ, ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಆಗ ಬಂದದ್ದು ಕಿತ್ತಳೆ ಸಸಿಗಳ ಕೆಲಸ. ಉತ್ತರದ ಗುಡ್ಡಗಾಡಿನಲ್ಲಿ ತೋಟ ಮಾಡಿಸಬೇಕೆಂದಿದ್ದ ಒಬ್ಬ ನರ್ಸರಿಯವರಿಗೆ, ಅಲ್ಲಿಯ ಹಿಮ ಬೀಳುವ ರಾತ್ರಿಗಳನ್ನು ಈ ತಳಿ ತಡೆಯುತ್ತದೆಯೇ ಎಂದು ಗೊತ್ತಾಗಬೇಕಿತ್ತು. ಕಿತ್ತಳೆ, ಮೂಸಂಬಿ, ನಿಂಬೆ ಇವೆಲ್ಲ ಒಂದೇ ಬಳಗ, ಎಲ್ಲವೂ ಬೆಚ್ಚಗಿನ ಸೀಮೆಯವು. ಸುಖವಾಗಿ ಬೆಳೆಯುತ್ತಿರುವ ಸಸಿಯನ್ನು ಏಕಾಏಕಿ ಸೊನ್ನೆಗಿಂತ ಕೆಳಗಿನ ಚಳಿಗೆ ನೂಕಿದರೆ ಅದು ಮಾರನೆಯ ದಿನ ಬಿಸಿನೀರಿಗೆ ಅದ್ದಿ ತೆಗೆದ ಸೊಪ್ಪಿನಂತೆ ಜೋತುಬೀಳುತ್ತದೆ. ಆದರೆ ಅದೇ ಸಸಿಗೆ ಮೊದಲೇ ಸುಳಿವು ಕೊಟ್ಟರೆ ಕಥೆ ಬೇರೆ. ಒಂದು ವಾರ ಹದಿನೈದು ಡಿಗ್ರಿ, ಇನ್ನೊಂದು ವಾರ ಹತ್ತು, ಮತ್ತೊಂದು ವಾರ ಐದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರೆ ಅದು ಚಿಗುರುವುದನ್ನು ನಿಲ್ಲಿಸುತ್ತದೆ. ಎಲೆಯಲ್ಲಿ ನೀರಿನ ಅಂಶ ಇಳಿಯುತ್ತದೆ, ಸಕ್ಕರೆ ಕೂಡಿಕೊಳ್ಳುತ್ತದೆ. ಬರೀ ನೀರು ಹೆಪ್ಪುಗಟ್ಟಿದಷ್ಟು ಬೇಗ ಸಕ್ಕರೆ ನೀರು ಹೆಪ್ಪುಗಟ್ಟುವುದಿಲ್ಲ ಎಂಬುದು ಮನೆಯ ಫ್ರೀಜರಿನಲ್ಲಿ ಶರಬತ್ತು ಇಟ್ಟು ನೋಡಿದವರಿಗೆ ಗೊತ್ತು. ಆಮೇಲೆ ಮಂಜುಗಡ್ಡೆ ಕಟ್ಟಿದರೂ ಅದು ಜೀವಕೋಶದ ಹೊರಗೆ ಕಟ್ಟುತ್ತದೆ, ಒಳಗಿನ ಜೀವ ಉಳಿದುಕೊಳ್ಳುತ್ತದೆ. ಇದಕ್ಕೆ ನಾವು ಪಳಗಿಸುವುದು ಎನ್ನುತ್ತೇವೆ.

ಸಸಿಗಳನ್ನು ಎರಡು ಗುಂಪು ಮಾಡಿದೆ. ಪಳಗಿಸಬೇಕಾದವು ನನ್ನ ಬೀಗದ ಕೋಣೆಗೆ ಹೋದವು, ಅವುಗಳ ಜೊತೆ ಒಂದು ಸ್ಪೇರ್ ಟ್ರೇ ಕೂಡ ಇತ್ತು. ಅವಕ್ಕೆ ನೀರು ಹಾಕುವುದನ್ನು ನಾನು ಯಾರಿಗೂ ಬಿಡಲಿಲ್ಲ. ಕಂಟ್ರೋಲ್ ಗುಂಪಿನ ಮೂರು ಟ್ರೇಗಳು ಬೆಚ್ಚಗಿನ ಕೋಣೆಯಲ್ಲಿ, ಇನ್ನಾರದೋ ಬದನೆ ಸಸಿಗಳ ಪಕ್ಕದಲ್ಲಿ ಕೂತವು. ಹೆಲ್ಪರನ್ನು ಕರೆದು ತೋರಿಸಿದೆ.

‘ಇದು ಕಂಟ್ರೋಲ್ ಕಣಮ್ಮ. ನೀರು ನೋಡ್ಕೊಂಡು ಹಾಕು.’

‘ಕಂಟ್ರೋಲ್ ಏನ್ರಿ ಅಕ್ಕಾರ?’

‘ಹೂಂ, ಕಂಟ್ರೋಲ್. ಮೂರು ವಾರ ನಿನ್ ಜವಾಬ್ದಾರಿ.’

‘ತಿಳೀತ್ರಿ’ ಎಂದು ತಲೆಯಾಡಿಸಿದಳು. ಅಷ್ಟು ಬೇಗ ತಿಳಿದುಬಿಟ್ಟಿತೇ ಎಂದು ನನಗೆ ಅನ್ನಿಸಿತು, ಆದರೆ ಯಾಕೋ ಆವತ್ತು ಎರಡನೇ ಸಲ ಕೇಳಲಿಲ್ಲ.

ಆ ಮೂರು ವಾರದಲ್ಲಿ ನಾನು ಅನುಮಾನಪಡದೆ ಇದ್ದದ್ದು ಯಾವುದೂ ಇಲ್ಲ. ಎರಡನೇ ವಾರದಲ್ಲಿ ಕಂಟ್ರೋಲ್ ಸಸಿಗಳ ಎಲೆಗಳು ಮಧ್ಯಾಹ್ನದ ಹೊತ್ತು ಸ್ವಲ್ಪ ಮುದುಡಿದ್ದು ಕಾಣಿಸಿತು. ಏಸಿ ನೋಡಿಕೊಳ್ಳುವ ಮನುಷ್ಯನನ್ನು ಕರೆಸಿ, ಒಣಗಾಳಿ ನೇರ ನನ್ನ ಗಿಡಗಳ ಮೇಲೆ ಬರೋ ಹಾಗೆ ರೆಕ್ಕೆ ತಿರುಗಿಸಿದ್ದೀಯಲ್ಲ, ಯಾಕೆ ಎಂದು ಕೂಗಾಡಿದೆ. ‘ಮೇಡಂ, ಆರು ತಿಂಗ್ಳಿಂದ ಅದನ್ನ ಮುಟ್ಟೇ ಇಲ್ಲ ಮೇಡಂ’ ಎಂದ. ಮುಟ್ಟಿಲ್ಲ ಅನ್ನುವವರೇ ಮುಟ್ಟಿರುತ್ತಾರೆ ಎಂದು ನನ್ನ ನಂಬಿಕೆ. ಮತ್ತೊಂದು ದಿನ ಹೆಲ್ಪರ್ ಕಂಟ್ರೋಲ್ ಟ್ರೇಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದಕ್ಕೆ ಅಂಟಿಸಿದ್ದ ‘ಕಂಟ್ರೋಲ್’ ಎಂಬ ಇಂಗ್ಲಿಷ್ ಚೀಟಿಯ ಮೇಲೆ ಬೆರಳಿಟ್ಟು ಏನೋ ಹೇಳಿಕೊಳ್ಳುತ್ತಿದ್ದಳು. ಕನ್ನಡ ಅಷ್ಟಿಷ್ಟು ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ ಎಂದು ಬರೆಸಿದ್ದವಳು. ನನ್ನನ್ನು ನೋಡಿದ ತಕ್ಷಣ ಎದ್ದು ನಿಂತಳು. ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಕೊರೆಯುವ ಚಳಿಯ ಪರೀಕ್ಷೆಯ ದಿನ ಬಂತು. ಎಲ್ಲ ಟ್ರೇಗಳನ್ನೂ ದೊಡ್ಡ ಚೇಂಬರಿಗೆ ಸೇರಿಸಬೇಕು. ಅಷ್ಟರಲ್ಲಿ ಮ್ಯಾನೇಜರ್ ಕರೆದರು, ನರ್ಸರಿಯವರ ಫೋನು ಬಂದಿತ್ತು. ಬೇರೆ ದಾರಿ ಇಲ್ಲದೆ ಬೀಗದ ಕೈಯನ್ನು ಹೆಲ್ಪರ್ ಕೈಗೆ ಕೊಟ್ಟು, ಎರಡೂ ಗುಂಪಿನ ಟ್ರೇಗಳನ್ನು ಟ್ರಾಲಿಯಲ್ಲಿ ತಂದಿಡು, ಕೆಲಸ ಮುಗಿದ ಮೇಲೆ ಸ್ಪೇರ್ ಟ್ರೇಯನ್ನು ಗೊಬ್ಬರದ ಗುಂಡಿಗೆ ಹಾಕು ಎಂದೆ. ಹತ್ತು ನಿಮಿಷ ಕೀ ನನ್ನ ಸೊಂಟದಲ್ಲಿ ಇರಲಿಲ್ಲ. ವಾಪಸು ಬಂದಾಗ ಟ್ರೇಗಳೆಲ್ಲ ರ್ಯಾಕಿನ ಮೇಲೆ ಸಾಲಾಗಿದ್ದವು. ಬಾಗಿಲು ಮುಚ್ಚಿ, ಗಂಟೆಗೆ ಒಂದೊಂದೇ ಡಿಗ್ರಿ ಇಳಿದು ಸೊನ್ನೆಯ ಕೆಳಗೆ ಐದಕ್ಕೆ ನಿಲ್ಲುವ ಹಾಗೆ ಮೆಷಿನ್ನಿಗೆ ಹೇಳಿ ಮನೆಗೆ ಹೋದೆ.

ಮಂಜು ಕರಗಿಸಿ, ಎರಡು ದಿನ ಕಾಯ್ದು ನೋಡಿದರೆ, ಪಳಗಿದ ಸಸಿಗಳು ಬದುಕಿದ್ದವು. ಅದು ಸರಿ. ಕಂಟ್ರೋಲ್ ಸಸಿಗಳಲ್ಲೂ ಮುಕ್ಕಾಲು ಪಾಲು ಬದುಕಿದ್ದವು. ಎಲೆಯ ಚೂರುಗಳನ್ನು ಶುದ್ಧ ನೀರಿನಲ್ಲಿ ಹಾಕಿ ಮೀಟರ್ ಇಟ್ಟೆ. ಸತ್ತ ಎಲೆಯಾದರೆ ಒಳಗಿನ ಉಪ್ಪೆಲ್ಲ ನೀರಿಗೆ ಸೋರಿ ಮುಳ್ಳು ಮೇಲೇರುತ್ತದೆ. ಅದು ಏರಲಿಲ್ಲ. ಸಾಯಲೇಬೇಕಾಗಿದ್ದ ಗಿಡಗಳು ಸಾಯದೆ ಹಸಿರಾಗಿ ನನ್ನನ್ನು ನೋಡುತ್ತಿದ್ದವು. ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ.

ಎಲೆಗಳನ್ನು ಮುಟ್ಟಿ ನೋಡಿದೆ. ಸಣ್ಣವು, ದಪ್ಪ, ಒಂದಾದರೂ ಎಳೆ ಚಿಗುರಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಮೂರು ವಾರ ಬೆಳೆದ ಸಸಿ ಗೇಣುದ್ದ ಚಿಗುರಬೇಕಿತ್ತು. ಇವು ನೋಡಲು ಥೇಟ್ ಪಳಗಿದ ಸಸಿಗಳೇ. ನನ್ನ ತಲೆ ಚುರುಕಾಗಿ ಓಡಿತು. ನಿರ್ಲಕ್ಷ್ಯದಿಂದ ಕಂಟ್ರೋಲ್ ಸಸಿಗಳನ್ನು ಒಣಗಿಸಿದ್ದಾಳೆ, ಬೈಸಿಕೊಳ್ಳುವ ಭಯಕ್ಕೆ ಕೀ ಕೈಗೆ ಸಿಕ್ಕಿದ ಹತ್ತು ನಿಮಿಷದಲ್ಲಿ ಸ್ಪೇರ್ ಟ್ರೇಯ ಪಳಗಿದ ಸಸಿಗಳನ್ನು ತಂದು ಅವುಗಳ ಜಾಗಕ್ಕೆ ಕೂರಿಸಿದ್ದಾಳೆ. ಒಂದು ಟ್ರೇಯ ಸಸಿ ಮೂರು ಟ್ರೇಗೆ ಹೇಗೆ ಸಾಲುತ್ತದೆ ಎಂದು ಲೆಕ್ಕ ಹಾಕಿದ್ದರೆ ಅಲ್ಲೇ ನಿಲ್ಲಬಹುದಿತ್ತು. ಲೆಕ್ಕ ಹಾಕಲಿಲ್ಲ. ಸ್ಪೇರ್ ಟ್ರೇ ನೋಡೋಣವೆಂದು ಗೊಬ್ಬರದ ಗುಂಡಿಗೆ ಓಡಿದೆ, ಅದನ್ನು ಮಗುಚಿ ಮೇಲೆ ಮಣ್ಣು ಎಳೆದು ಮೂರು ದಿನವಾಗಿತ್ತು. ಸಾಕ್ಷಿಯನ್ನೂ ಮುಚ್ಚಿದ್ದಾಳೆ ಎಂದು ನನಗೆ ಒಂದು ಬಗೆಯ ಖುಷಿಯೇ ಆಯಿತು. ಆ ಖುಷಿ ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

ಮ್ಯಾನೇಜರ್ ಮುಂದೆ ಆಕೆಯನ್ನು ಕರೆಸಿದೆವು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು.

‘ಗಿಡ ಬದಲಾಯಿಸಿದ್ಯಾ?’ ಎಂದೆ.

‘ಯಾವ ಗಿಡ್ರಿ?’

‘ಕಂಟ್ರೋಲ್ ಗಿಡ. ನಿಜ ಹೇಳು, ಏನೂ ಮಾಡಲ್ಲ.’

‘ನಾ ಬದಲ ಮಾಡಿಲ್ರೀ ಅಕ್ಕಾರ. ನೀವು ಹೆಂಗ ಹೇಳಿದ್ರಿ ಹಂಗ ನೋಡ್ಕೊಂಡೀನಿ.’

‘ಹಾಗಾದ್ರೆ ಆ ಚೀಟಿ ಹತ್ರ ಕೂತು ಏನ್ ಮಾಡ್ತಿದ್ದೆ ಅವತ್ತು?’

ಆಕೆ ತಲೆ ತಗ್ಗಿಸಿದಳು. ‘ಅಕ್ಷರ ಕಲಿಯಾಕ ಕುಂತಿದ್ನ್ರಿ’ ಎಂದಳು. ಮ್ಯಾನೇಜರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಲವತ್ತೇಳು ವರ್ಷದ ಹೆಂಗಸು ಕಿತ್ತಳೆ ಟ್ರೇಯ ಮುಂದೆ ಕೂತು ಅಕ್ಷರ ಕಲಿಯುತ್ತಿದ್ದಳು ಎಂದರೆ ನಂಬುವುದಕ್ಕೆ ನಾನೇನು ನನ್ನ ಗಂಡನೇ?

ಒಂದು ಪುಟ ದೂರು ಬರೆದು ಸಹಿ ಹಾಕಿದೆ. ಮಾರನೆಯ ದಿನದಿಂದ ಆಕೆಯನ್ನು ಕಳಿಸಬೇಡಿ ಎಂದು ಕಂಟ್ರಾಕ್ಟರಿಗೆ ಹೇಳಿದರು. ಸಂಜೆ ಗೇಟಿನಲ್ಲಿ ಆಕೆಯ ಊಟದ ಚೀಲವನ್ನು ತೆಗೆಸಿ ತಳದವರೆಗೆ ನೋಡಿದರು. ಡಬ್ಬಿ, ಒಂದು ಟವೆಲ್ಲು, ಒಂದು ಕಾಪಿ ಪುಸ್ತಕ. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಒಮ್ಮೆ ಕಳ್ಳಿ ಎಂದು ಹೇಳಿಸಿಕೊಂಡವಳಿಗೆ ಅದೇ ಕಂಟ್ರಾಕ್ಟರ್ ಬೇರೆ ಯಾವ ಕಂಪನಿಯ ಗೇಟನ್ನೂ ತೆರೆಸುವುದಿಲ್ಲ ಎಂಬುದು ಆ ಪುಟ ಬರೆಯುವಾಗಲೇ ನನಗೆ ಗೊತ್ತಿತ್ತು.

ನರ್ಸರಿಯವರು ವಿವರಣೆ ಕೇಳಿದರು. ಬಾಯಿಮಾತು ಸಾಲದು, ಸಾಕ್ಷಿ ಬೇಕು ಎಂದು ಮ್ಯಾನೇಜರ್ ಹೇಳಿದರು. ನನಗೆ ಅದೇ ಬೇಕಿತ್ತು. ಬೆಚ್ಚಗಿನ ಕೋಣೆಯಲ್ಲಿ, ಹೊರಗಿನ ಓಣಿಯಲ್ಲಿ ಎರಡು ಕಡೆಯೂ ಕ್ಯಾಮೆರಾ ಇದೆ, ಒಂದು ತಿಂಗಳ ದೃಶ್ಯ ಉಳಿದಿರುತ್ತದೆ. ಊಟದ ಬಿಡುವಿನಲ್ಲಿ ಡಬ್ಬಿಯನ್ನು ಕಂಪ್ಯೂಟರ್ ಪಕ್ಕದಲ್ಲಿಟ್ಟುಕೊಂಡು ನೋಡಲು ಕೂತೆ. ಮೊದಲು ಆ ಹತ್ತು ನಿಮಿಷ. ಓಣಿಯಲ್ಲಿ ಆಕೆ ಟ್ರಾಲಿ ತಳ್ಳಿಕೊಂಡು ಹೋದಳು, ಬಂದಳು, ಮತ್ತೆ ಹೋದಳು. ಸ್ಪೇರ್ ಟ್ರೇ ಎತ್ತಿಕೊಂಡು ನೇರ ಹಿತ್ತಲಿನ ಕಡೆ ನಡೆದಳು. ಬೆಚ್ಚಗಿನ ಕೋಣೆಗಾಗಲಿ ಚೇಂಬರಿಗಾಗಲಿ ಅದು ಹೋಗಲೇ ಇಲ್ಲ. ಹಿಂದೆ ಮುಂದೆ ಓಡಿಸಿ ನಾಲ್ಕು ಸಲ ನೋಡಿದೆ. ಕ್ಯಾಮೆರಾ ಎಲ್ಲಿದೆ ಎಂದು ಗೊತ್ತಿದ್ದೇ ಹೀಗೆ ಮಾಡಿದ್ದಾಳೆ ಎಂದುಕೊಂಡೆ, ಆಮೇಲೆ ನನಗೇ ನನ್ನ ಬುದ್ಧಿಯ ಬಗ್ಗೆ ಸ್ವಲ್ಪ ಅನುಮಾನ ಬಂತು.

ಹಿಂದಿನ ವಾರಗಳನ್ನು ತೆಗೆದೆ. ಬೆಳಿಗ್ಗೆ ಬಂದವಳು ಬದನೆ ಸಸಿಗಳಿಗೆ ಜರಡಿ ಮೂತಿಯ ಕ್ಯಾನಿನಿಂದ ಸುರಿಸುರಿದು ನೀರು ಹಾಕುತ್ತಾಳೆ. ಕಂಟ್ರೋಲ್ ಟ್ರೇಗೆ ಬಂದ ಕೂಡಲೇ ಕ್ಯಾನನ್ನು ಕೆಳಗಿಡುತ್ತಾಳೆ. ಸೊಂಟಕ್ಕೆ ಸಿಕ್ಕಿಸಿದ ಚಿಕ್ಕ ಸ್ಟೀಲ್ ಲೋಟ ತೆಗೆಯುತ್ತಾಳೆ. ಬಕೆಟಿನಲ್ಲಿ ಅದ್ದಿ, ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಾಳೆ, ಒಂದು ಗುಟುಕು ಹೆಚ್ಚಾಯಿತೆನಿಸಿದರೆ ವಾಪಸು ಬಕೆಟಿಗೆ ಬಗ್ಗಿಸುತ್ತಾಳೆ. ಆಮೇಲೆ ಒಂದೊಂದೇ ಬುಡಕ್ಕೆ. ಪ್ರತಿ ದಿನ ಹೀಗೇ. ಸೋಮಾರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರುತ್ತದೆ? ಕೆಡಿಸಬೇಕೆಂದವಳು ಅಳೆದು ಯಾಕೆ ಹಾಕುತ್ತಾಳೆ? ನನಗೆ ತಲೆಬುಡ ತಿಳಿಯಲಿಲ್ಲ.

ಆ ವಾರದ ಕೊನೆಗೆ, ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಆರು ತಿಂಗಳಾಗಿತ್ತು. ಮುದ್ದೆ ಮುಗಿಸಿ ತಟ್ಟೆ ಮುಂದೆ ಮಾಡಿದರು, ನಾನು ಒಂದು ಸೌಟು ಅನ್ನ ಹಾಕಿ ಎರಡನೆಯದಕ್ಕೆ ಕೈ ಎತ್ತಿದೆ.

‘ಸಾಕು ಸಾಕು, ಅನ್ನ ಕಂಟ್ರೋಲು’ ಎಂದರು. ‘ನೋಡ್ಕೊಂಡ್ ಆಕ್ಸ್ಕೊಳಿ ಅಂತ ಡಾಕ್ಟ್ರು ಯೋಳವ್ರಲ್ಲ, ಮರ್ತೋಯ್ತಾ?’

ಸೌಟಿನಲ್ಲಿದ್ದ ಅನ್ನವನ್ನು ನಾನು ವಾಪಸು ಪಾತ್ರೆಗೆ ಬಗ್ಗಿಸಿದೆ. ಬಗ್ಗಿಸಿದ ಕೈ ಹಾಗೇ ನಿಂತಿತು. ಲೋಟದ ನೀರು ಬಕೆಟಿಗೆ ಹೋದದ್ದೂ ಹೀಗೆಯೇ. ‘ಇದು ಕಂಟ್ರೋಲ್ ಕಣಮ್ಮ, ನೀರು ನೋಡ್ಕೊಂಡು ಹಾಕು.’ ಹಾಗೆ ಹೇಳಿದವಳು ನಾನೇ.

‘ಏನಾಯ್ತೆ?’ ಎಂದರು ಗಂಡ.

‘ಏನಿಲ್ಲ, ಊಟ ಮಾಡಿ’ ಎಂದೆ.

ಗಿಡಗಳ ವಿಷಯವೂ ಅಲ್ಲೇ ಬಿಡಿಸಿಕೊಂಡಿತು. ಕಿತ್ತಳೆಯ ಬಳಗಕ್ಕೆ ಚಳಿಯೊಂದೇ ಸುಳಿವಲ್ಲ, ನೀರು ಕಡಿಮೆಯಾದರೂ ಅದು ಕೆಟ್ಟ ಕಾಲ ಬರುತ್ತಿದೆ ಎಂದು ತಿಳಿದುಕೊಳ್ಳುತ್ತದೆ. ಚಿಗುರು ನಿಲ್ಲಿಸುತ್ತದೆ, ಎಲೆ ದಪ್ಪ ಮಾಡಿಕೊಳ್ಳುತ್ತದೆ, ಒಳಗೆ ಸಕ್ಕರೆ ಕೂಡಿಡುತ್ತದೆ. ಬಾಯಾರಿಕೆಗೆ ಗಟ್ಟಿಯಾದ ಸಸಿ ಚಳಿಗೂ ಒಂದಷ್ಟು ಗಟ್ಟಿಯಾಗಿರುತ್ತದೆ. ಇದನ್ನು ನಾನು ಓದಿದ್ದೆ, ಬೇರೆಯವರಿಗೆ ವಿವರಿಸಿಯೂ ಇದ್ದೆ. ಕಣ್ಣೆದುರಿಗೆ ಎಲೆ ಮುದುಡಿದಾಗ ಮಾತ್ರ ಏಸಿಯವನ ಮೇಲೆ ಕೂಗಾಡಿದ್ದೆ.

ಊಟದ ತಟ್ಟೆ ತೊಳೆದು ಸೀದಾ ಆ ಸಾಲುಕೋಣೆಗಳ ಕಡೆ ನಡೆದೆ. ಓಣಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಯಾರು ಬೇಕು, ಯಾಕೆ ಬೇಕು, ನೀವು ಯಾವ ಆಫೀಸಿನವರು ಎಂದು ಒಂದರ ಮೇಲೊಂದು ಕೇಳಿದರು. ಜೀವಮಾನದಲ್ಲಿ ಮೊದಲ ಸಲ ಅನುಮಾನದ ಆ ಕಡೆ ನಿಂತಿದ್ದೆ. ಅದು ಸುಖದ ಜಾಗವಲ್ಲ.

ಆಕೆ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ನಾನು ಕೂರಲಿಲ್ಲ.

‘ಆ ಟ್ರೇಗೆ ಲೋಟದಲ್ಲಿ ಯಾಕೆ ನೀರು ಹಾಕ್ತಿದ್ದೆ?’

‘ಕಂಟ್ರೋಲ್ ಅಂದಿದ್ರಲ್ರೀ’ ಎಂದಳು, ನನಗೇ ಮರೆತುಹೋಯಿತೇನೋ ಎಂಬಂತೆ. ‘ನಮ್ಮೂರಾಗ ಕಂಟ್ರೋಲ್ ಅಂಗಡಿ ಇರ್ತದಲ್ರೀ, ರೇಷನ್ ಕೊಡೂದು. ಕಾರ್ಡಿಗಿ ಇಷ್ಟ ಅಂತ ಅಳದು ಕೊಡ್ತಾರ, ಮ್ಯಾಲ ಒಂದ ಹಿಡಿ ಕೇಳಿದ್ರೂ ಕೊಡಂಗಿಲ್ಲ. ಈ ಗಿಡಕ್ಕೂ ಅಳದ ಹಾಕಬೇಕು ಅಂತ ತಿಳಕೊಂಡೆ. ನೋಡ್ಕೊಂಡು ಹಾಕು ಅಂತ ನೀವ ಹೇಳಿದ್ರಿ.’

‘ಬಾಡ್ತಿತ್ತಲ್ಲ, ನಂಗೆ ಹೇಳ್ಬಾರ್ದಿತ್ತಾ?’

‘ಜೀವಕ್ಕ ಕೆಟ್ಟ ಅನಸ್ತಿತ್ರಿ. ಸಣ್ಣ ಗಿಡ. ಆದ್ರ ಕಂಟ್ರೋಲ್ ಅಂದ ಮ್ಯಾಲ ಕಂಟ್ರೋಲ್ ಅಲ್ಲೇನ್ರಿ? ನಿಮ್ಮ ಮಾತ ಮೀರಬಾರದು ಅಂತ ಒಂದು ಗುಟುಕು ಸುದ್ದಾ ಹೆಚ್ಚಿಗಿ ಹಾಕಲಿಲ್ಲ.’

‘ಮತ್ತೆ ಅವತ್ತು ಮ್ಯಾನೇಜರ್ ಮುಂದೆ ಇದನ್ನ ಯಾಕೆ ಹೇಳ್ಲಿಲ್ಲ?’

‘ನೀರಿನ ಸುದ್ದಿ ಯಾರು ಕೇಳಿದ್ರಿ? ಬದಲ ಮಾಡಿದ್ಯಾ ಅಂದ್ರಿ, ಇಲ್ಲ ಅಂದೆ.’

ಹಿಂದೆ ಗೂಟಕ್ಕೆ ಆ ಊಟದ ಚೀಲ ನೇತುಬಿದ್ದಿತ್ತು. ಆಕೆ ಅದರಿಂದ ಕಾಪಿ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದಳು. ಮೊದಲ ಪುಟದಲ್ಲಿ ಪೆನ್ಸಿಲ್ಲಿನಿಂದ, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದಾಗಿ, ಟ್ರೇಯ ಮೇಲಿದ್ದ ಆ ಇಂಗ್ಲಿಷ್ ಪದ ಇಪ್ಪತ್ತು ಮೂವತ್ತು ಸಲ ಬರೆದಿತ್ತು. ನನಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಪದ ಗೊತ್ತಿಲ್ಲ, ನಾಚಿಕೆಯೇ ಆಯಿತು. ತಪ್ಪಾಯಿತು ಎಂದೆ. ಆಕೆ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

ಸೋಮವಾರ ಮ್ಯಾನೇಜರ್ ಮುಂದೆ ಕೂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಹಣೆ ತಿಕ್ಕಿಕೊಂಡರು.

‘ಕಂಪ್ಲೇಂಟಿಗೆ ಸೈನ್ ಮಾಡಿದ್ದೂ ನೀವೇ. ಈಗ ವಾಪಸ್ ತಗೊಳ್ತೀನಿ ಅಂದ್ರೆ ಫೈಲಲ್ಲಿ ಏನಂತ ಬರೆಯೋದು ಮೇಡಂ? ಇನ್‌ಸ್ಟ್ರಕ್ಷನ್ ಸ್ವಲ್ಪ ಕ್ಲಿಯರ್ ಇರ್ಲಿಲ್ಲ ಅಂತ ಹಾಕಿಬಿಡೋಣ್ವಾ?’

‘ಬೇಡ ಸಾರ್. ನಾನು ತಪ್ಪು ಹೇಳಿದೆ, ಆಮೇಲೆ ಸುಳ್ಳು ದೂರು ಕೊಟ್ಟೆ ಅಂತ ಹಾಕಿ. ಕಂಟ್ರಾಕ್ಟರಿಗೂ ಹಾಗೇ ಕಳ್ಸಿ.’

ಹಾಗೆ ನನ್ನ ಕೈಬರಹದಲ್ಲೇ ಬರೆದುಕೊಟ್ಟೆ. ಅದನ್ನು ಕಳಿಸಿದರೋ ಇಲ್ಲವೋ ಎಂಬ ಅನುಮಾನದಿಂದ ಮೂರು ದಿನ ಬಿಟ್ಟು ಕಂಟ್ರಾಕ್ಟರಿಗೆ ನಾನೇ ಫೋನ್ ಮಾಡಿ ಕೇಳಿದೆ. ಬಂದಿದೆ ಎಂದ. ಓದಿ ಹೇಳು ಎಂದೆ. ಓದಿದ.

ಎರಡು ವಾರವಾದ ಮೇಲೆ ಆಕೆ ಕೆಲಸಕ್ಕೆ ವಾಪಸು ಬಂದಳು. ಆಗಲೇ ನರ್ಸರಿಯವರು ಪರೀಕ್ಷೆಯನ್ನು ಮತ್ತೆ ಮಾಡಿಸಲು ಒಪ್ಪಿದ್ದರು. ನಡೆದದ್ದನ್ನೆಲ್ಲ ಕೇಳಿ, ಪಳಗಿಸಿದ್ದೊಂದು, ಮಾಮೂಲಿಯದೊಂದು, ಜೊತೆಗೆ ನೀರು ಅಳೆದು ಹಾಕಿದ್ದೂ ಒಂದು ಇರಲಿ ಎಂದಿದ್ದರು. ಅಳೆದು ಹಾಕುವ ಕೆಲಸವನ್ನು ಮಾಡಬಲ್ಲವರು ನಮ್ಮಲ್ಲಿ ಒಬ್ಬರೇ ಇದ್ದರು. ಆಕೆ ಚೀಲವನ್ನು ಗೇಟಿನಲ್ಲಿ ತಾನಾಗಿಯೇ ಬಿಚ್ಚಿ, ತಳದವರೆಗೆ ತೋರಿಸಿ, ಒಳಗೆ ಬಂದಳು. ಯಾರೂ ತೋರಿಸು ಎಂದಿರಲಿಲ್ಲ.

‘ಬಂದ್ಯಾ?’ ಎಂದೆ.

‘ಬಂದ್ನ್ರಿ ಮೇಡಂ.’

ಮೇಡಂ ಎಂಬುದು ಒಳ್ಳೆಯ ಪದವೇ. ಈ ಬೊಮ್ಮಸಂದ್ರದಲ್ಲಿ ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ಮಧ್ಯಾಹ್ನ ಆಕೆ ಡಬ್ಬಿ ತೆಗೆದುಕೊಂಡು ಹಿತ್ತಲಿನ ಕಟ್ಟೆಗೆ ಹೋದಳು, ನಾನು ನನ್ನ ಮೇಜಿನ ಹತ್ತಿರ ಅನ್ನ ಸಾರು ತಿಂದೆ.

ಹೊಸ ಟ್ರೇಗಳು ಸಿದ್ಧವಾದವು. ಈ ಸಲ ನಾನು ಕಂಟ್ರೋಲ್ ಎಂಬ ಪದವನ್ನು ಬಾಯಿಗೇ ತರಲಿಲ್ಲ. ಇದಕ್ಕೆ ಬದನೆಗೆ ಹಾಕುವಷ್ಟೇ ಧಾರಾಳವಾಗಿ ನೀರು, ಇದಕ್ಕೆ ಲೋಟದಲ್ಲಿ ಅಳೆದು, ಎಂದು ಎರಡೆರಡು ಸಲ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಕಾಪಿ ಪುಸ್ತಕ ಮುಂದೆ ಮಾಡಿದಳು.

‘ಕನ್ನಡದಾಗ ಬರದ ಕೊಡ್ರಿ.’

ಬರೆದೆ. ಈ ಟ್ರೇಗೆ ಬದನೆಗೆ ಹಾಕುವಷ್ಟೇ ನೀರು. ಈ ಟ್ರೇಗೆ ಅರ್ಧ ಲೋಟ. ಆಕೆ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು.

‘ಸಹಿ ಹಾಕ್ರಿ. ತಾರೀಕು ಸುದ್ದಾ ಹಾಕ್ರಿ.’

ಹಾಕಿದೆ. ಆಕೆ ಪುಟವನ್ನು ಟ್ರೇಯ ಪಕ್ಕದಲ್ಲಿಟ್ಟು, ಸೆರಗಿನ ಮರೆಯಿಂದ ಮೊಬೈಲ್ ತೆಗೆದು, ಸಸಿಗಳೂ ನನ್ನ ಸಹಿಯೂ ಒಟ್ಟಿಗೆ ಬರುವ ಹಾಗೆ ಹಿಡಿದಳು. ನನ್ನಿಂದಲೇ ಕಲಿತ ವಿದ್ಯೆ ಎಂದು ಗೊತ್ತಿದ್ದರೂ ಸುಮ್ಮನಿರಲಾಗಲಿಲ್ಲ.

‘ನನ್ ಮೇಲೆ ನಂಬಿಕೆ ಇಲ್ವಾ?’ ಎಂದು ಕೇಳಿಬಿಟ್ಟೆ.

ಆಕೆ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದಳು. ದನಿಯಲ್ಲಿ ಕೋಪವಿರಲಿಲ್ಲ.

‘ನಂಬಿಕಿ ಅದ ರೀ ಮೇಡಂ. ಸ್ವಲ್ಪ ಕಂಟ್ರೋಲ್ ಮಾಡೀನಿ, ಅಷ್ಟ.’

ಆಮೇಲೆ ಫೋಟೋ ತೆಗೆದಳು.